ಸಣ್ಣ ಫೋರ್ ವೀಲ್ ಡ್ರೈವ್ ವಾಹನಗಳ ಸಸ್ಪೆನ್ಷನ್ ಲಿಫ್ಟ್

ಸಸ್ಪೆನ್ಷನ್ ಲಿಫ್ಟ್ ಎಂದರೆ ವಾಹನದ ಸ್ಪ್ರಿಂಗ್‌ಗಳನ್ನು, ಅಥವಾ ಅವನ್ನು ಚಾಸಿಗೂ ಆಕ್ಸಲ್‌ಗೂ ಜೋಡಿಸುವ ಭಾಗಗಳನ್ನು ಬದಲಾಯಿಸಿ, ಆಕ್ಸಲ್‌ನ ಮೇಲೆ ಚಾಸಿ ನಿಲ್ಲುವ ಎತ್ತರವನ್ನು ಹೆಚ್ಚಿಸುವ ಮಾರ್ಪಾಡು. ಹಳ್ಳ, ಕೊರಕಲು, ಬಂಡೆ ಹಾಗೂ ಕೆಸರು ತುಂಬಿದ ಕಚ್ಚಾ ದಾರಿಗಳಲ್ಲಿ ವಾಹನದ ತಳಭಾಗ ನೆಲಕ್ಕೆ ತಗುಲದಂತೆ ಮಾಡುವುದು ಮತ್ತು ದೊಡ್ಡ ಟೈರ್‌ಗಳಿಗೆ ಜಾಗ ಒದಗಿಸುವುದು ಇದರ ಉದ್ದೇಶ. ಕರ್ನಾಟಕದಲ್ಲಿ ಈ ಮಾರ್ಪಾಡು ಮುಖ್ಯವಾಗಿ ಮಾರುತಿ ಜಿಪ್ಸಿ, ಮಾರುತಿ ಸುಜುಕಿ ಜಿಮ್ನಿ, ಮಹೀಂದ್ರ ಜೀಪು ಮತ್ತು ಥಾರ್ ವಾಹನಗಳಿಗೆ ಸಂಬಂಧಿಸಿದೆ. ಈ ಲೇಖನದಲ್ಲಿ ಸುಜುಕಿ ವಂಶದ ಎರಡು ಹಗುರ ವಾಹನಗಳಾದ ಜಿಪ್ಸಿ ಮತ್ತು ಜಿಮ್ನಿಗಳನ್ನು ಪ್ರಧಾನ ಉದಾಹರಣೆಗಳಾಗಿ ತೆಗೆದುಕೊಳ್ಳಲಾಗಿದೆ.

ಸಸ್ಪೆನ್ಷನ್ ಲಿಫ್ಟ್‌ನಿಂದ ಚಾಸಿ ಮೇಲೇರುತ್ತದೆಯೇ ಹೊರತು ಆಕ್ಸಲ್ ಮೇಲೇರುವುದಿಲ್ಲ. ಎತ್ತರ ಹೆಚ್ಚಿದಂತೆ ಗುರುತ್ವ ಕೇಂದ್ರ, ಸ್ಟೀರಿಂಗ್‌ನ ಕೋನಗಳು, ಪ್ರೊಪೆಲ್ಲರ್ ಶಾಫ್ಟ್‌ನ ಬಾಗು ಮತ್ತು ಬ್ರೇಕ್ ವ್ಯವಸ್ಥೆ ಇವೆಲ್ಲವೂ ಬದಲಾಗುತ್ತವೆ. ಭಾರತದಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನಗಳಿಗೆ ಇಂತಹ ಮಾರ್ಪಾಡು ಮಾಡುವುದಕ್ಕೆ ಕಾನೂನಿನ ಕಟ್ಟುನಿಟ್ಟಾದ ಮಿತಿಗಳಿವೆ.

ಹಿನ್ನೆಲೆ

ಜಪಾನಿನ ಸುಜುಕಿ ಸಂಸ್ಥೆಯು 1970ರಲ್ಲಿ ಎಲ್‌ಜೆ10 ಎಂಬ ಪುಟ್ಟ ಫೋರ್ ವೀಲ್ ಡ್ರೈವ್ ವಾಹನವನ್ನು ಜಿಮ್ನಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಎರಡನೆಯ ತಲೆಮಾರಿನ ಎಸ್‌ಜೆ410 ಮಾದರಿಯ ಉದ್ದ ಚಾಸಿಯ ರೂಪವೇ 1985ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದ ಮಾರುತಿ ಜಿಪ್ಸಿ. ಮೊದಲ ಜಿಪ್ಸಿಗಳಲ್ಲಿ 970 ಸಿಸಿ ಎಂಜಿನ್ ಇತ್ತು. 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂದಿತು. ಏಣಿಯಾಕಾರದ ಚಾಸಿ, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗಳಲ್ಲಿ ಲೀಫ್ ಸ್ಪ್ರಿಂಗ್ ಇದ್ದ ಈ ವಾಹನವನ್ನು ಸೇನೆ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ವ್ಯಾಪಕವಾಗಿ ಬಳಸಿದವು. ಮೂರು ದಶಕಗಳಿಗೂ ಹೆಚ್ಚು ಕಾಲ ಅದರ ಮೂಲ ವಿನ್ಯಾಸ ಬದಲಾಗಲಿಲ್ಲ. 2019ರ ವೇಳೆಗೆ ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ ನಿಂತಿತು.

ಜಪಾನಿನಲ್ಲಿ 1995ರಲ್ಲಿ, ಎರಡನೆಯ ತಲೆಮಾರಿನಲ್ಲಿಯೇ, ಜಿಮ್ನಿಯು ಲೀಫ್ ಸ್ಪ್ರಿಂಗ್ ತೊರೆದು ಕಾಯಿಲ್ ಸ್ಪ್ರಿಂಗ್‌ಗೆ ಬಂದಿತು. 2018ರಲ್ಲಿ ನಾಲ್ಕನೆಯ ತಲೆಮಾರು ಬಿಡುಗಡೆಯಾಯಿತು. ಅದರ ಐದು ಬಾಗಿಲಿನ ರೂಪವು 2023ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಇದರ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ., ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 2590 ಮಿ.ಮೀ. ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ಈ ಎರಡೂ ವಾಹನಗಳಲ್ಲಿ ಗಟ್ಟಿ ಆಕ್ಸಲ್ ಇರುವುದರಿಂದ ಸ್ಪ್ರಿಂಗ್ ಬದಲಿಸಿ ಎತ್ತರಿಸುವ ಕೆಲಸವು ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇರುವ ವಾಹನಗಳಿಗಿಂತ ಸರಳವಾಗಿದೆ.

ಅವಶ್ಯಕತೆ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳ ಒಳದಾರಿಗಳು, ಮಡಿಕೇರಿ ಸಮೀಪದ ಮಾಂದಲಪಟ್ಟಿಯ ಏರುದಾರಿ, ಮಲೆನಾಡಿನ ಒಂಟಿ ಮನೆಗಳಿಗೆ ಹೋಗುವ ಮಣ್ಣುದಾರಿಗಳು ಇಂತಹ ವಾಹನಗಳ ಸಹಜ ನೆಲೆಗಳಾಗಿವೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಮತ್ತು ಜೀಪುಗಳ ಚಕ್ರಗಳು ಕೊರೆದ ಎರಡು ಆಳವಾದ ಜಾಡುಗಳ ನಡುವೆ ಮಣ್ಣಿನ ದಿಣ್ಣೆ ಉಳಿಯುತ್ತದೆ. ಚಕ್ರಗಳು ಜಾಡಿನಲ್ಲಿ ಇಳಿದಾಗ ಡಿಫರೆನ್ಷಿಯಲ್ ಅಥವಾ ಚಾಸಿಯ ತಳ ಆ ದಿಣ್ಣೆಯ ಮೇಲೆ ಕುಳಿತರೆ ಚಕ್ರಗಳ ಹಿಡಿತ ತಪ್ಪಿ ವಾಹನ ಸಿಕ್ಕಿಕೊಳ್ಳುತ್ತದೆ.

ನಗರದ ಓಡಾಟಕ್ಕೆ ಈ ಮಾರ್ಪಾಡಿನ ಅಗತ್ಯ ಬೀಳುವುದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸಿರುವ ವೇಗತಡೆ ಉಬ್ಬಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಬೆಂಗಳೂರಿನ ಬಡಾವಣೆಗಳಲ್ಲಿ ಈ ಅಳತೆಯನ್ನು ಮೀರಿದ ಉಬ್ಬುಗಳು ಕಾಣಸಿಗುತ್ತವೆಯಾದರೂ 210 ಮಿ.ಮೀ. ಕ್ಲಿಯರೆನ್ಸ್ ಇರುವ ವಾಹನಕ್ಕೆ ಅವು ಅಡ್ಡಿಯಾಗುವುದು ಅಪರೂಪ.

ಎತ್ತರದ ಲೆಕ್ಕ

ವಾಹನದ ತಳ ನೆಲಕ್ಕೆ ತಗುಲದಿರುವ ಸಾಮರ್ಥ್ಯವನ್ನು ಮೂರು ಕೋನಗಳಲ್ಲಿ ಹೇಳುವುದು ವಾಡಿಕೆ. ಎದುರಿನ ಏರನ್ನು ಮುಂಬದಿ ತಗುಲದಂತೆ ಹತ್ತಬಲ್ಲ ಕೋನವನ್ನು ಅಪ್ರೋಚ್ ಕೋನ ಎಂದೂ, ಇಳಿದು ಬರುವಾಗ ಹಿಂಬದಿ ತಗುಲದ ಕೋನವನ್ನು ಡಿಪಾರ್ಚರ್ ಕೋನ ಎಂದೂ, ದಿಣ್ಣೆಯ ನೆತ್ತಿಯನ್ನು ದಾಟುವಾಗ ನಡುತಳ ತಗುಲದ ಕೋನವನ್ನು ಬ್ರೇಕ್‌ಓವರ್ ಕೋನ ಎಂದೂ ಕರೆಯುತ್ತಾರೆ. ಐದು ಬಾಗಿಲಿನ ಜಿಮ್ನಿಗೆ ಅಪ್ರೋಚ್ ಕೋನ 36 ಡಿಗ್ರಿ, ಬ್ರೇಕ್‌ಓವರ್ ಕೋನ 24 ಡಿಗ್ರಿ.

ವೀಲ್‌ಬೇಸ್ ಉದ್ದವಾದಷ್ಟೂ ಬ್ರೇಕ್‌ಓವರ್ ಕೋನ ಕಡಿಮೆಯಾಗುತ್ತದೆ. ವಿದೇಶಗಳಲ್ಲಿ ಮಾರಾಟವಾಗುವ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2250 ಮಿ.ಮೀ. ಆಗಿದ್ದು, ಅದರ ಬ್ರೇಕ್‌ಓವರ್ ಕೋನ 28 ಡಿಗ್ರಿ. ಐದು ಬಾಗಿಲಿನ ವಾಹನದ ಚಾಸಿಯನ್ನು 50 ಮಿ.ಮೀ., ಅಂದರೆ ಸುಮಾರು ಎರಡು ಅಂಗುಲ, ಎತ್ತರಿಸಿದರೆ ಸರಳ ತ್ರಿಕೋನಮಿತಿಯ ಪ್ರಕಾರ 24 ಡಿಗ್ರಿ ಇದ್ದ ಕೋನ ಸುಮಾರು 28 ಡಿಗ್ರಿ ಆಗುತ್ತದೆ. ಅಂದರೆ ಎರಡು ಅಂಗುಲದ ಲಿಫ್ಟ್ ಉದ್ದ ಜಿಮ್ನಿಗೆ ತರುವ ಲಾಭವು ಗಿಡ್ಡ ಜಿಮ್ನಿಗೆ ಕಾರ್ಖಾನೆಯಿಂದಲೇ ಬಂದ ಕೋನಕ್ಕೆ ಸಮ.

ಆದರೆ ಗಟ್ಟಿ ಆಕ್ಸಲ್‌ನ ವಾಹನದಲ್ಲಿ ನೆಲಕ್ಕೆ ಅತಿ ಹತ್ತಿರವಿರುವ ಭಾಗ ಡಿಫರೆನ್ಷಿಯಲ್‌ನ ಉಬ್ಬು. ಅದು ಆಕ್ಸಲ್‌ನ ಭಾಗವಾಗಿರುವುದರಿಂದ ಲಿಫ್ಟ್ ಎಷ್ಟೇ ಇದ್ದರೂ ಅದರ ಎತ್ತರ ಬದಲಾಗುವುದಿಲ್ಲ. ಅದನ್ನು ಏರಿಸುವ ಸಾಮಾನ್ಯ ದಾರಿ ದೊಡ್ಡ ಟೈರ್. ಜಿಮ್ನಿಯ ಮೂಲ ಟೈರ್ 195/80 ಆರ್15ರ ವ್ಯಾಸ 693 ಮಿ.ಮೀ.; 215/75 ಆರ್15ರ ವ್ಯಾಸ ಸುಮಾರು 704 ಮಿ.ಮೀ.; 235/75 ಆರ್15ರ ವ್ಯಾಸ ಸುಮಾರು 734 ಮಿ.ಮೀ. ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧ ಮಾತ್ರ ಎತ್ತರವಾಗಿ ಸಿಗುವುದರಿಂದ, ಎರಡನೆಯದರಿಂದ 5 ಮಿ.ಮೀ., ಮೂರನೆಯದರಿಂದ 20 ಮಿ.ಮೀ. ಲಾಭವಾಗುತ್ತದೆ.

ದೊಡ್ಡ ಟೈರಿಗೂ ಬೆಲೆಯಿದೆ. 235/75 ಟೈರಿನ ಸುತ್ತಳತೆ ಮೂಲ ಟೈರಿಗಿಂತ ಸುಮಾರು ಶೇ. 6ರಷ್ಟು ಹೆಚ್ಚು. ಮೂಲ ಟೈರಿಗೆ ಹೊಂದಿಸಿದ ಸ್ಪೀಡೋಮೀಟರ್ 80 ಕಿ.ಮೀ. ತೋರಿಸುವಾಗ, ಈ ವ್ಯತ್ಯಾಸದಿಂದಾಗಿ ವಾಹನ ಸುಮಾರು 85 ಕಿ.ಮೀ. ವೇಗದಲ್ಲಿರುತ್ತದೆ. ಚಕ್ರಕ್ಕೆ ಸಿಗುವ ಎಳೆತದ ಬಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಸಣ್ಣ ಎಂಜಿನ್ನಿನ ವಾಹನಗಳಲ್ಲಿ ಘಟ್ಟದ ಏರಿನಲ್ಲಿ ಇದು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ.

ವಿಧಾನಗಳು

ಲೀಫ್ ಸ್ಪ್ರಿಂಗ್ ವಾಹನಗಳು

ಜಿಪ್ಸಿ ಮತ್ತು ಹಳೆಯ ಮಹೀಂದ್ರ ಜೀಪುಗಳಲ್ಲಿ ನಾಲ್ಕು ವಿಧಾನಗಳು ಬಳಕೆಯಲ್ಲಿವೆ.

1. ಹೆಚ್ಚು ಬಾಗಿದ ಸ್ಪ್ರಿಂಗ್: ಮೂಲ ಸ್ಪ್ರಿಂಗ್‌ಗಿಂತ ಹೆಚ್ಚು ಕಮಾನಿನ ಹೊಸ ಸ್ಪ್ರಿಂಗ್ ಕಟ್ಟನ್ನು ಕೂರಿಸುವುದು. ಇದಕ್ಕೆ ಸರಿಹೊಂದುವ ಶಾಕ್ ಅಬ್ಸಾರ್ಬರ್ ಜೊತೆಗಿದ್ದರೆ ಇದು ಉತ್ತಮ ವಿಧಾನ.

2. ಪಟ್ಟಿ ಸೇರಿಸುವುದು: ಇರುವ ಕಟ್ಟಿಗೆ ಒಂದು ಹೆಚ್ಚುವರಿ ಪಟ್ಟಿಯನ್ನು ಸೇರಿಸುವುದು. ಖರ್ಚು ಕಡಿಮೆ. ಆದರೆ ಸ್ಪ್ರಿಂಗ್ ಬಿರುಸಾಗುತ್ತದೆ. ಸುಮಾರು ಒಂದು ಟನ್ ತೂಗುವ ಜಿಪ್ಸಿಯಂತಹ ಹಗುರ ವಾಹನ ಖಾಲಿ ಇರುವಾಗ ಬಿರುಸು ಸ್ಪ್ರಿಂಗ್ ಬಾಗುವುದೇ ಕಡಿಮೆ. ಪ್ರಯಾಣ ಕುಲುಕಾಟದಿಂದ ಕೂಡಿರುತ್ತದೆ, ಏರುಪೇರಿನ ನೆಲದಲ್ಲಿ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ.

3. ಉದ್ದ ಶ್ಯಾಕಲ್: ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಜೋಡಿ ಪಟ್ಟಿಯೇ ಶ್ಯಾಕಲ್. ಆಕ್ಸಲ್ ಸ್ಪ್ರಿಂಗ್‌ನ ಮಧ್ಯದಲ್ಲಿರುವುದರಿಂದ ಶ್ಯಾಕಲ್ ಅನ್ನು 50 ಮಿ.ಮೀ. ಉದ್ದ ಮಾಡಿದರೆ ಸಿಗುವ ಎತ್ತರ ಸುಮಾರು 25 ಮಿ.ಮೀ. ಮಾತ್ರ. ಜಿಪ್ಸಿಯ ಮುಂದಿನ ಶ್ಯಾಕಲ್ ಸ್ಪ್ರಿಂಗ್‌ನ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದಾಗ ಆಕ್ಸಲ್ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಕೋನ ತಗ್ಗುತ್ತದೆ.

4. ಸ್ಪ್ರಿಂಗ್ ಅನ್ನು ಆಕ್ಸಲ್‌ನ ಮೇಲಕ್ಕೆ ತರುವುದು: ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದೆ. ಅದನ್ನು ಮೇಲೆ ಕೂರಿಸಿದರೆ ಸುಮಾರು ಐದು ಅಂಗುಲ ಎತ್ತರ ಒಮ್ಮೆಗೇ ಸಿಗುತ್ತದೆ. ಇದಕ್ಕೆ ಆಕ್ಸಲ್‌ಗೆ ಹೊಸ ಪೀಠಗಳನ್ನು ವೆಲ್ಡ್ ಮಾಡಬೇಕು, ಸ್ಟೀರಿಂಗ್ ಕೊಂಡಿಗಳನ್ನು ಮತ್ತು ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಬದಲಿಸಬೇಕು. ಜೋರಾಗಿ ಎಳೆಯುವಾಗ ಆಕ್ಸಲ್ ಸ್ಪ್ರಿಂಗ್ ಅನ್ನು ತಿರುಚುವ ದೋಷವೂ ಸೇರಿಕೊಳ್ಳುತ್ತದೆ. ಇದು ಸ್ಪರ್ಧೆಗೆಂದೇ ಮೀಸಲಾದ ವಾಹನಗಳ ವಿಧಾನವಾಗಿದ್ದು ದಿನಬಳಕೆಯ ವಾಹನಕ್ಕೆ ತಕ್ಕುದಲ್ಲ.

ಕಾಯಿಲ್ ಸ್ಪ್ರಿಂಗ್ ವಾಹನಗಳು

ಜಿಮ್ನಿಯಲ್ಲಿ ಉದ್ದನೆಯ ಕಾಯಿಲ್ ಸ್ಪ್ರಿಂಗ್ ಹಾಕುವುದು ಅಥವಾ ಮೂಲ ಸ್ಪ್ರಿಂಗ್‌ನ ಮೇಲೆ ಸ್ಪೇಸರ್ ಕೂರಿಸುವುದು, ಈ ಎರಡು ದಾರಿಗಳಿವೆ. ಸ್ಪೇಸರ್ ಅಗ್ಗ, ಸ್ಪ್ರಿಂಗ್‌ನ ಮೃದುತ್ವವನ್ನೂ ಉಳಿಸುತ್ತದೆ. ಆದರೆ ಮೂಲ ಶಾಕ್ ಅಬ್ಸಾರ್ಬರ್ ಹಾಗೆಯೇ ಉಳಿದರೆ, ಚಕ್ರ ಕೆಳಗಿಳಿಯುವಾಗ ಅದು ಬೇಗನೆ ತನ್ನ ಪೂರ್ಣ ಉದ್ದವನ್ನು ಮುಟ್ಟಿ, ಆಕ್ಸಲ್‌ನ ಭಾರವನ್ನು ತಾನೇ ಹಿಡಿದು ನಿಲ್ಲುವ ಸರಪಳಿಯಂತಾಗುತ್ತದೆ. ಅದರ ಕೊನೆಯ ಬುಷ್ ಮತ್ತು ಸೀಲ್ ಬೇಗ ಹಾಳಾಗುತ್ತವೆ. ಹೀಗಾಗಿ ಲಿಫ್ಟ್‌ಗೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರ್ ಅಗತ್ಯ.

ಬಾಡಿ ಲಿಫ್ಟ್

ಚಾಸಿಗೂ ಬಾಡಿಗೂ ನಡುವೆ ದಿಮ್ಮಿಗಳನ್ನಿಟ್ಟು ಬಾಡಿಯನ್ನಷ್ಟೇ ಏರಿಸುವುದು ಬೇರೆಯೇ ಮಾರ್ಪಾಡು. ಇದರಿಂದ ಟೈರಿಗೆ ಜಾಗ ಸಿಗುತ್ತದೆ, ಸಸ್ಪೆನ್ಷನ್‌ನ ಕೋನಗಳು ಬದಲಾಗುವುದಿಲ್ಲ. ಆದರೆ ಚಾಸಿಯ ಎತ್ತರ ಇದ್ದಲ್ಲೇ ಇರುತ್ತದೆ.

ಪರಿಣಾಮಗಳು ಮತ್ತು ತಿದ್ದುಪಡಿಗಳು

ಸ್ಟೀರಿಂಗ್

ಮುಂದಿನ ಚಕ್ರಗಳು ತಿರುಗುವ ಅಕ್ಷವು ಸ್ವಲ್ಪ ಹಿಂದಕ್ಕೆ ವಾಲಿರುವುದನ್ನು ಕ್ಯಾಸ್ಟರ್ ಎನ್ನುತ್ತಾರೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಇದೇ ಕಾರಣ. ಜಿಮ್ನಿಯ ಮುಂದಿನ ಆಕ್ಸಲ್ ಅನ್ನು ಹಿಡಿದಿರುವ ಉದ್ದ ತೋಳುಗಳು ಲಿಫ್ಟ್ ನಂತರ ಕೆಳಮುಖವಾಗಿ ಇಳಿಯುವುದರಿಂದ ಆಕ್ಸಲ್ ಹೊರಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಆಗ ಹೆದ್ದಾರಿಯಲ್ಲಿ ವಾಹನ ಅತ್ತಿತ್ತ ಅಲೆಯುತ್ತದೆ. ಕೆಲವೊಮ್ಮೆ ಸ್ಟೀರಿಂಗ್ ಜೋರಾಗಿ ನಡುಗುತ್ತದೆ. ಇದನ್ನು ಸರಿಪಡಿಸಲು ರಂಧ್ರ ಮಧ್ಯದಿಂದ ಸರಿದಿರುವ ವಿಶೇಷ ಬುಷ್‌ಗಳನ್ನು ಅಥವಾ ತಿದ್ದಿದ ಬ್ರಾಕೆಟ್‌ಗಳನ್ನು ಬಳಸುತ್ತಾರೆ.

ಕಾಯಿಲ್ ಸ್ಪ್ರಿಂಗ್ ವಾಹನದಲ್ಲಿ ಆಕ್ಸಲ್ ಎಡಬಲಕ್ಕೆ ಸರಿಯದಂತೆ ಹಿಡಿದಿಡುವ ಓರೆ ಸಲಾಕೆಗೆ ಪ್ಯಾನ್‌ಹಾರ್ಡ್ ರಾಡ್ ಎಂದು ಹೆಸರು. ಅದರ ಒಂದು ತುದಿ ಚಾಸಿಗೆ, ಮತ್ತೊಂದು ತುದಿ ಆಕ್ಸಲ್‌ಗೆ ಸೇರಿದೆ. ಚಾಸಿ ಏರಿದಾಗ ರಾಡ್ ಹೆಚ್ಚು ಓರೆಯಾಗಿ ಆಕ್ಸಲ್ ಅನ್ನು ಕೆಲವು ಮಿಲಿಮೀಟರ್ ಪಕ್ಕಕ್ಕೆ ಎಳೆಯುತ್ತದೆ. ಉದ್ದವನ್ನು ಹೊಂದಿಸಬಹುದಾದ ರಾಡ್ ಹಾಕಿ ಆಕ್ಸಲ್ ಅನ್ನು ಮತ್ತೆ ನಡುವಿಗೆ ತರಬಹುದು.

ಚಾಲನಾ ಶಾಫ್ಟ್

ಟ್ರಾನ್ಸ್‌ಫರ್ ಕೇಸ್ ಚಾಸಿಯೊಂದಿಗೆ ಮೇಲೇರುತ್ತದೆ, ಡಿಫರೆನ್ಷಿಯಲ್ ಕೆಳಗೇ ಉಳಿಯುತ್ತದೆ. ಇವೆರಡನ್ನು ಸೇರಿಸುವ ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ಕಡಿದಾಗಿ ನಿಂತು ಅದರ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ವೇಗದಲ್ಲಿ ಕಂಪನ, ಕೀಲುಗಳ ಸವೆತ ಇದರ ಲಕ್ಷಣಗಳು. ಶಾಫ್ಟ್‌ನ ಜಾರುವ ಹಲ್ಲುಜೋಡಣೆ ಸಾಕಷ್ಟು ಒಳಗೆ ಉಳಿದಿದೆಯೇ ಎಂಬುದನ್ನು ಚಕ್ರಗಳು ಪೂರ್ತಿ ಜೋತಾಡುವ ಸ್ಥಿತಿಯಲ್ಲಿ ಪರೀಕ್ಷಿಸಬೇಕು.

ಬ್ರೇಕ್ ಮತ್ತು ದೀಪ

ಚಾಸಿಯಿಂದ ಆಕ್ಸಲ್‌ಗೆ ಇಳಿಯುವ ಬ್ರೇಕ್ ಹೋಸ್‌ಗಳು ಹಾಗೂ ಎಬಿಎಸ್ ತಂತಿಗಳು ಚಕ್ರ ಪೂರ್ತಿ ಕೆಳಗಿಳಿದಾಗ ಬಿಗಿಯಾಗಬಾರದು. ಬಿಗಿಯಾದ ಹೋಸ್ ಕಿತ್ತುಬಂದರೆ ಆ ಸರ್ಕೀಟಿನ ಬ್ರೇಕ್ ಇಲ್ಲವಾಗುತ್ತದೆ. ಹಿಂದಿನ ಆಕ್ಸಲ್‌ನ ಎತ್ತರವನ್ನು ಅಳೆದು ಹಿಂಬದಿಯ ಬ್ರೇಕ್ ಒತ್ತಡವನ್ನು ನಿಯಂತ್ರಿಸುವ ವಾಲ್ವ್ ಇರುವ ವಾಹನಗಳಲ್ಲಿ, ಎತ್ತರ ಹೆಚ್ಚಿದ್ದನ್ನು ಆ ವಾಲ್ವ್ 'ಹಿಂಬದಿ ಖಾಲಿ ಇದೆ' ಎಂದು ಗ್ರಹಿಸಿ ಒತ್ತಡ ತಗ್ಗಿಸುವ ಸಂಭವವಿದೆ. ಹೆಡ್‌ಲೈಟ್‌ಗಳ ಬೆಳಕು ಎದುರಿನ ಚಾಲಕನ ಕಣ್ಣಿಗೆ ಬೀಳದಂತೆ ಮರುಹೊಂದಿಸುವುದೂ ಅವಶ್ಯ.

ಸ್ಥಿರತೆ

ಅತಿ ಗಂಭೀರವಾದ ಪರಿಣಾಮ ಇದು. ವಾಹನ ಪಕ್ಕಕ್ಕೆ ಉರುಳದೆ ನಿಲ್ಲುವ ಶಕ್ತಿಯನ್ನು ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ ಅಂದಾಜು ಮಾಡುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಉರುಳುವ ಸಂಭವ ಹೆಚ್ಚು. ಉದಾಹರಣೆಗೆ, ಚಕ್ರಗಳ ಅಡ್ಡ ಅಂತರ 1300 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 650 ಮಿ.ಮೀ. ಎಂದು ಇಟ್ಟುಕೊಂಡರೆ ಈ ಸಂಖ್ಯೆ 1.00. ಲಿಫ್ಟ್‌ನಿಂದ ಸ್ಪ್ರಿಂಗ್‌ಗಳ ಮೇಲಿನ ಮುಕ್ಕಾಲು ಭಾಗ ತೂಕ 50 ಮಿ.ಮೀ. ಏರಿದರೆ ಇಡೀ ವಾಹನದ ಗುರುತ್ವ ಕೇಂದ್ರ ಸುಮಾರು 37 ಮಿ.ಮೀ. ಏರಿ, ಸಂಖ್ಯೆ ಸುಮಾರು 0.95ಕ್ಕೆ ಇಳಿಯುತ್ತದೆ. ಅಗಲ ಕಡಿಮೆಯಿರುವ ವಾಹನಗಳಲ್ಲಿ ಮೊದಲೇ ಸಣ್ಣದಾದ ಅಂಚು ಹೀಗೆ ಮತ್ತಷ್ಟು ಕಿರಿದಾಗುತ್ತದೆ. ಮೇಲ್ಛಾವಣಿಯ ಕ್ಯಾರಿಯರ್ ಮೇಲೆ ಸಾಮಾನು ಹೇರಿದರೆ ಅಪಾಯ ಇನ್ನೂ ಹೆಚ್ಚು.

ಈ ವಾಹನ ವಂಶದ ಸ್ಥಿರತೆ ಅಂತರರಾಷ್ಟ್ರೀಯ ವಿವಾದಕ್ಕೂ ವಸ್ತುವಾಗಿತ್ತು. ಜಿಪ್ಸಿಯ ಸೋದರ ಮಾದರಿಯಾದ ಸುಜುಕಿ ಸಮುರಾಯ್ ವಾಹನವನ್ನು ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ 1988ರಲ್ಲಿ ಸುಲಭವಾಗಿ ಉರುಳುತ್ತದೆಂಬ ಕಾರಣಕ್ಕೆ 'ಸ್ವೀಕಾರಾರ್ಹವಲ್ಲ' ಎಂದು ಘೋಷಿಸಿತು. ಪರೀಕ್ಷೆಯ ಕ್ರಮವನ್ನು ಪ್ರಶ್ನಿಸಿ ಸುಜುಕಿ 1996ರಲ್ಲಿ ದಾವೆ ಹೂಡಿತು. 2004ರಲ್ಲಿ ಉಭಯ ಪಕ್ಷಗಳು ರಾಜಿ ಮಾಡಿಕೊಂಡವು. ಆ ವಾದವಿವಾದ ನಡೆದದ್ದು ಯಾವ ಮಾರ್ಪಾಡೂ ಇಲ್ಲದ, ಕಾರ್ಖಾನೆಯ ಎತ್ತರದಲ್ಲಿಯೇ ಇದ್ದ ವಾಹನದ ಕುರಿತು ಎಂಬುದು ಗಮನಾರ್ಹ.

ಅಳವಡಿಕೆಯ ಕ್ರಮ

ಕೆಲಸಕ್ಕೆ ಮುನ್ನ ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗಿನ ಎತ್ತರವನ್ನು ಬರೆದುಕೊಳ್ಳಬೇಕು. ನಂತರದ ಹಂತಗಳು ಸಾಮಾನ್ಯವಾಗಿ ಹೀಗಿವೆ:

* ಎತ್ತದ ಚಕ್ರಗಳಿಗೆ ಅಡ್ಡಗಟ್ಟೆಯಿಟ್ಟು, ಚಾಸಿಯನ್ನು ಜಾಕ್‌ನಿಂದ ಎತ್ತಿ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸುವುದು. ಜಾಕ್ ಒಂದನ್ನೇ ನಂಬಿ ವಾಹನದ ಕೆಳಗೆ ಹೋಗುವುದು ಪ್ರಾಣಾಪಾಯಕಾರಿ.
* ಆಕ್ಸಲ್‌ಗೆ ಪ್ರತ್ಯೇಕ ಜಾಕ್‌ನ ಆಸರೆ ಕೊಟ್ಟು ಶಾಕ್ ಅಬ್ಸಾರ್ಬರ್‌ಗಳನ್ನು ಕಳಚುವುದು.
* ಬ್ರೇಕ್ ಹೋಸ್ ಎಳೆಯದಂತೆ ಗಮನಿಸುತ್ತಾ ಆಕ್ಸಲ್ ಅನ್ನು ಇಳಿಸಿ ಸ್ಪ್ರಿಂಗ್ ಬದಲಿಸುವುದು.
* ಲೀಫ್ ಸ್ಪ್ರಿಂಗ್ ಆಗಿದ್ದರೆ ಹೊಸ ಯು-ಬೋಲ್ಟ್‌ಗಳನ್ನೇ ಹಾಕುವುದು. ಒಮ್ಮೆ ಬಿಗಿದ ಯು-ಬೋಲ್ಟ್ ಹಿಗ್ಗಿರುತ್ತದೆ.
* ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ವಾಹನದ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಅಂತಿಮವಾಗಿ ಬಿಗಿಯುವುದು. ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ ರಬ್ಬರ್ ಸದಾ ತಿರುಚಿದಂತಿದ್ದು ಬೇಗ ಹರಿಯುತ್ತದೆ.
* ವೀಲ್ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಅಳೆಸಿ, ಸ್ಟೀರಿಂಗ್ ಚಕ್ರವನ್ನು ನೇರಗೊಳಿಸುವುದು.
* ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಎಲ್ಲ ಬೋಲ್ಟ್‌ಗಳನ್ನು ಮರುಬಿಗಿಯುವುದು.

ಪಶ್ಚಿಮ ಬೆಂಗಳೂರು

ಮಾಗಡಿ ರಸ್ತೆಯ ಆಸುಪಾಸಿನ ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ಮತ್ತು ಉತ್ತರಕ್ಕಿರುವ ಪೀಣ್ಯ ಪ್ರದೇಶಗಳು ಸಣ್ಣ ಕೈಗಾರಿಕೆಗಳಿಗೂ ವಾಹನ ದುರಸ್ತಿಗೂ ಹೆಸರಾಗಿವೆ. 'ಕಾವಲ್' ಎಂಬುದು ಹಿಂದೆ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲನ್ನು ಸೂಚಿಸುತ್ತಿದ್ದ ಪದ. ಇಂದು ಅಲ್ಲಿ ವಸತಿ ಬಡಾವಣೆಗಳ ನಡುವೆ ಲೇತ್, ವೆಲ್ಡಿಂಗ್ ಮತ್ತು ಗ್ಯಾರೇಜ್ ಕೆಲಸಗಳು ನಡೆಯುತ್ತವೆ. ಸ್ಪೇಸರ್, ಶ್ಯಾಕಲ್ ಪಟ್ಟಿ, ಬ್ರಾಕೆಟ್ ಮುಂತಾದವನ್ನು ಕಡೆದು ಕೊಡುವುದು ಲೇತ್ ಕಾರ್ಖಾನೆಗಳಿಗೆ ಕಷ್ಟದ ಕೆಲಸವಲ್ಲ. ಆದರೆ ಈ ಭಾಗಗಳ ಯೋಗ್ಯತೆಯನ್ನು ನಿರ್ಧರಿಸುವುದು ಆಕಾರವೊಂದೇ ಅಲ್ಲ. ಉಕ್ಕಿನ ದರ್ಜೆ ಮತ್ತು ಬೆಸುಗೆಯ ಗುಣಮಟ್ಟವೂ ಮುಖ್ಯ. ಸ್ಪ್ರಿಂಗ್ ಪಟ್ಟಿಯ ಮೇಲೆ ವೆಲ್ಡ್ ಮಾಡಿದರೆ ಶಾಖದಿಂದ ಅದರ ಹದ ಕೆಟ್ಟು ಪಟ್ಟಿ ಅಲ್ಲಿಯೇ ಮುರಿಯುವ ಸಂಭವವಿದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಆದ್ದರಿಂದ ಲಿಫ್ಟ್ ಕಿಟ್ ಮಾರುಕಟ್ಟೆಯಲ್ಲಿ ಸಿಗುತ್ತದೆ ಎಂಬುದರಿಂದ ಅದನ್ನು ರಸ್ತೆಯ ವಾಹನಕ್ಕೆ ಅಳವಡಿಸುವುದು ಕಾನೂನುಬದ್ಧವೆಂದು ಆಗುವುದಿಲ್ಲ. ವಾಹನ ನೋಂದಣಿಯಾದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಸೂಕ್ತ. ಪಶ್ಚಿಮ ಬೆಂಗಳೂರಿನ ವಾಹನಗಳು ಬಹುತೇಕ ರಾಜಾಜಿನಗರದ ಕೆಎ-02 ಅಥವಾ ಜ್ಞಾನಭಾರತಿಯ ಕೆಎ-41 ಕಚೇರಿಗಳ ನೋಂದಣಿ ಹೊಂದಿರುತ್ತವೆ. ವಿಮಾ ಸಂಸ್ಥೆಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರದ ಹಕ್ಕಿನ ಬಗ್ಗೆ ತಕರಾರಿಗೆ ಎಡೆಮಾಡಬಹುದು.

ಲಿಫ್ಟ್ ಮಾಡಿದ ವಾಹನವಾದರೂ ಅರಣ್ಯಕ್ಕೆ ಮುಕ್ತ ಪ್ರವೇಶ ಪಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳ ಪ್ರವೇಶ ನಿರ್ಬಂಧಿತವಾಗಿದೆ. ಕಡಿದಾದ ದಾರಿಗಳ ಚಾಲನೆಯನ್ನು ಹವ್ಯಾಸವಾಗಿ ನಡೆಸುವವರು ಮಾಲೀಕರ ಒಪ್ಪಿಗೆಯಿರುವ ಖಾಸಗಿ ಜಮೀನನ್ನು ಬಳಸಬೇಕಾಗುತ್ತದೆ.

ಪರ್ಯಾಯಗಳು

ಹೆಚ್ಚಿನ ಸಂದರ್ಭಗಳಲ್ಲಿ ವಾಹನ ಸಿಕ್ಕಿಕೊಳ್ಳಲು ಎತ್ತರದ ಕೊರತೆಗಿಂತ ಹಿಡಿತದ ಕೊರತೆ ಕಾರಣವಾಗಿರುತ್ತದೆ. ತಯಾರಕರು ಒಪ್ಪಿದ ಅಳತೆಯಲ್ಲಿಯೇ ಕೆಸರಿಗೆ ಹೊಂದುವ ಅಚ್ಚಿನ ಟೈರ್ ಹಾಕುವುದು, ಕಚ್ಚಾ ದಾರಿಯಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ತಗ್ಗಿಸಿ ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ತುಂಬಿಸುವುದು, ಲೋ ರೇಂಜ್ ಗೇರ್ ಅನ್ನು ಏರು ತಲಪುವ ಮೊದಲೇ ಹಾಕುವುದು, ಕುಸಿದ ಹಳೆಯ ಸ್ಪ್ರಿಂಗ್‌ಗಳ ಜಾಗದಲ್ಲಿ ಮೂಲ ಅಳತೆಯ ಹೊಸ ಸ್ಪ್ರಿಂಗ್ ಹಾಕುವುದು, ಇವು ವಾಹನದ ಮೂಲ ವಿನ್ಯಾಸವನ್ನು ಕೆಡಿಸದ ಉಪಾಯಗಳು. ಹಲವು ವರ್ಷ ದುಡಿದ ಜಿಪ್ಸಿಯ ಸ್ಪ್ರಿಂಗ್‌ಗಳು ತಮ್ಮ ಕಮಾನನ್ನು ಕಳೆದುಕೊಂಡಿರುತ್ತವೆ. ಅಂತಹ ವಾಹನಕ್ಕೆ ಕಾರ್ಖಾನೆಯ ಎತ್ತರವನ್ನು ಮರಳಿಸುವುದೇ ಮೊದಲ ಹೆಜ್ಜೆ. ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ.

ಇವನ್ನೂ ನೋಡಿ

* ಮಾರುತಿ ಜಿಪ್ಸಿ
* ಸುಜುಕಿ ಜಿಮ್ನಿ
* ಲೀಫ್ ಸ್ಪ್ರಿಂಗ್
* ಗುರುತ್ವ ಕೇಂದ್ರ
* ಮೋಟಾರು ವಾಹನ ಕಾಯ್ದೆ, 1988